ಕ್ರೆಡಿಟ್ ಕಾರ್ಡ್: ತಗೊಳ್ಳುವ ದಿನದಿಂದ ಮುಚ್ಚುವ ದಿನದವರೆಗೆ

“ಪ್ರತಿ ತಿಂಗಳು ಮಿನಿಮಮ್ ಕಟ್ಟುತ್ತಿದ್ದೇನೆ. ಆದರೂ ಬಾಕಿ ಯಾಕೆ ಇಳಿಯುತ್ತಿಲ್ಲ?” ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಅದರ ಹಿಂದೆಯೇ ಇನ್ನೆರಡು ಬರುತ್ತವೆ. ಮೊದಲ ಕಾರ್ಡ್ ಯಾವುದು ತಗೊಳ್ಳಲಿ? ನಾನು ಮಾಡದ ಖರ್ಚು ಬಿಲ್‌ನಲ್ಲಿ ಬಂದಿದೆ, ಯಾರಿಗೆ ಹೇಳಲಿ? ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲಿ ಒಂದೇ ಕಡೆ ಬರೆದಿದ್ದೇನೆ. ನಿಮಗೆ ಬೇಕಾದ ಹಂತಕ್ಕೆ ನೇರವಾಗಿ ಹೋಗಬಹುದು. ಆದರೆ ನಾಲ್ಕನೇ ಹಂತವನ್ನು ಮಾತ್ರ ಯಾರೂ ಬಿಡಬೇಡಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟಬಲ್ಲವರಿಗೆ ಕ್ರೆಡಿಟ್ ಕಾರ್ಡ್ ತುಂಬಾ ಉಪಯೋಗದ ವಸ್ತು. ಪೂರ್ತಿ ಕಟ್ಟಲಾಗದವರಿಗೆ, ಬ್ಯಾಂಕುಗಳು ಕೊಡುವ ಸಾಲಗಳಲ್ಲೇ ಇದರಷ್ಟು ದುಬಾರಿ ಬೇರೆ ಸಿಗುವುದು ಕಷ್ಟ. ಕೆಳಗೆ ಬರೆದಿರುವ ಎಲ್ಲವೂ ಈ ಎರಡು ಮಾತಿನ ಮೇಲೆ ನಿಂತಿದೆ.

ಮೊದಲು ಕೆಲವು ಪದಗಳು

ಲಿಮಿಟ್ ಅಂದರೆ ಕಾರ್ಡ್‌ನಲ್ಲಿ ನೀವು ಗರಿಷ್ಠ ಎಷ್ಟು ಖರ್ಚು ಮಾಡಬಹುದು ಅನ್ನುವ ಮೊತ್ತ. ಅದು ನಿಮ್ಮ ಹಣವಲ್ಲ, ಬ್ಯಾಂಕ್ ಕೊಡಲು ಸಿದ್ಧವಿರುವ ಸಾಲ. ಸ್ಟೇಟ್‌ಮೆಂಟ್ ಡೇಟ್ ಅಂದರೆ ಪ್ರತಿ ತಿಂಗಳು ಬಿಲ್ ತಯಾರಾಗುವ ದಿನ. ಒಂದು ಬಿಲ್‌ನಿಂದ ಮುಂದಿನ ಬಿಲ್‌ವರೆಗಿನ ಅವಧಿಗೆ ಬಿಲ್ಲಿಂಗ್ ಸೈಕಲ್ ಅನ್ನುತ್ತಾರೆ. ಡ್ಯೂ ಡೇಟ್ ಅಂದರೆ ಹಣ ಕಟ್ಟಲು ಕೊನೆಯ ದಿನ.

ಬಿಲ್‌ನಲ್ಲಿ ಎರಡು ಮೊತ್ತ ಇರುತ್ತದೆ. ಟೋಟಲ್ ಡ್ಯೂ ಅಂದರೆ ನೀವು ಕಟ್ಟಬೇಕಾದ ಪೂರ್ತಿ ಹಣ. ಮಿನಿಮಮ್ ಡ್ಯೂ ಅಂದರೆ ಲೇಟ್ ಫೀ ಬೀಳದಿರಲು ಕಟ್ಟಲೇಬೇಕಾದ ಸಣ್ಣ ಪಾಲು. ಸಾಮಾನ್ಯವಾಗಿ ಇದು ಬಿಲ್‌ನ ಶೇ. 5ರ ಆಸುಪಾಸಿನಲ್ಲಿ ಇರುತ್ತದೆ. ಕಾರ್ಡ್ ಮೇಲಿನ ಮೂರಂಕಿಯ ಗುಟ್ಟಿನ ಸಂಖ್ಯೆ ಸಿವಿವಿ. ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದನ್ನು ಬಂದಲ್ಲೇ ಹೇಳುತ್ತೇನೆ.

ಹಂತ 1: ಯಾವ ಕಾರ್ಡ್, ಎಲ್ಲಿಂದ

ಮೊದಲ ಕಾರ್ಡ್‌ಗೆ ನಿಮ್ಮ ಸಂಬಳ ಬೀಳುವ ಬ್ಯಾಂಕ್ ಅಥವಾ ಹಳೆಯ ಉಳಿತಾಯ ಖಾತೆ ಇರುವ ಬ್ಯಾಂಕ್ ಸಾಕು. ಅವರ ಬಳಿ ನಿಮ್ಮ ವಿವರ ಇರುವುದರಿಂದ ಕಾಗದಪತ್ರದ ಕೆಲಸ ಕಡಿಮೆ. ಪ್ಯಾನ್, ಆಧಾರ್, ಆದಾಯದ ದಾಖಲೆ ಇಟ್ಟುಕೊಂಡು ಬ್ಯಾಂಕಿನ ಆ್ಯಪ್‌ನಲ್ಲೋ ಶಾಖೆಯಲ್ಲೋ ಅರ್ಜಿ ಹಾಕಿ. ಮಾಲ್, ಮೆಟ್ರೊ ಸ್ಟೇಷನ್, ಪೆಟ್ರೋಲ್ ಬಂಕ್ ಬಳಿ ಟೇಬಲ್ ಹಾಕಿಕೊಂಡು ಕೂತವರಿಗೆ ನಿಮ್ಮ ಆಧಾರ್, ಪ್ಯಾನ್‌ನ ಫೋಟೊ ತೆಗೆಯಲು ಬಿಡಬೇಡಿ. ಅದು ಆಮೇಲೆ ಯಾರ ಫೋನ್‌ನಲ್ಲಿ ಉಳಿಯುತ್ತದೆ ಅನ್ನುವುದು ನಿಮಗೆ ಗೊತ್ತಾಗುವುದಿಲ್ಲ.

ಆದಾಯದ ದಾಖಲೆ ಇಲ್ಲದ ಗೃಹಿಣಿಯರು, ವಿದ್ಯಾರ್ಥಿಗಳು, ಕ್ರೆಡಿಟ್ ಸ್ಕೋರ್ (ಸಾಲ ತೀರಿಸಿದ ರೀತಿ ನೋಡಿ ಕೊಡುವ ಅಂಕ) ಕೆಟ್ಟವರು ಎಫ್‌ಡಿ ಇಟ್ಟು ಅದರ ಆಧಾರದ ಮೇಲೆ ಕಾರ್ಡ್ ಪಡೆಯಬಹುದು. ಇದಕ್ಕೆ ಸೆಕ್ಯೂರ್ಡ್ ಕಾರ್ಡ್ ಅನ್ನುತ್ತಾರೆ. ಲಿಮಿಟ್ ನಿಮ್ಮ ಎಫ್‌ಡಿಯ ಮೊತ್ತವನ್ನು ಅವಲಂಬಿಸಿರುತ್ತದೆ, ಎಫ್‌ಡಿಗೆ ಬಡ್ಡಿ ಬರುತ್ತಲೇ ಇರುತ್ತದೆ. ಹೊಸಬರಿಗೆ ನಾನು ಮೊದಲು ಹೇಳುವುದೇ ಇದನ್ನು. ಖರ್ಚು ಕೈಮೀರುವ ಭಯ ಕಡಿಮೆ, ಅಲ್ವಾ?

ಇಲ್ಲಿ ಎಡವುವ ಜಾಗಗಳು ಮೂರು.

“ಮೊದಲ ವರ್ಷ ಫ್ರೀ” ಬೇರೆ, “ಲೈಫ್‌ಟೈಮ್ ಫ್ರೀ” ಬೇರೆ. ಮೊದಲನೆಯದರಲ್ಲಿ ಎರಡನೇ ವರ್ಷದಿಂದ ವಾರ್ಷಿಕ ಶುಲ್ಕ ಬೀಳುತ್ತದೆ, ಅದರ ಮೇಲೆ ಶೇ. 18 ಜಿಎಸ್‌ಟಿ ಬೇರೆ. ಏಜೆಂಟ್ ಬಾಯಲ್ಲಿ ಹೇಳಿದ್ದನ್ನು ನಂಬಬೇಡಿ. ಪ್ರತಿ ಬ್ಯಾಂಕೂ ಮುಖ್ಯ ಷರತ್ತುಗಳ ಒಂದು ದಾಖಲೆ ಕೊಡಲೇಬೇಕು. ಅದಕ್ಕೆ ಎಂಐಟಿಸಿ ಅನ್ನುತ್ತಾರೆ. ಬಡ್ಡಿ, ಲೇಟ್ ಫೀ, ನಗದು ತೆಗೆದರೆ ಎಷ್ಟು ಶುಲ್ಕ, ಎಲ್ಲವೂ ಅದರಲ್ಲೇ ಇರುತ್ತದೆ.

ಒಂದೇ ವಾರದಲ್ಲಿ ನಾಲ್ಕೈದು ಬ್ಯಾಂಕ್‌ಗೆ ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಗೂ ಬ್ಯಾಂಕ್ ನಿಮ್ಮ ಕ್ರೆಡಿಟ್ ವರದಿ, ಅಂದರೆ ನಿಮ್ಮ ಸಾಲಗಳ ದಾಖಲೆ ತೆಗೆದು ನೋಡುತ್ತದೆ. ಅದು ವರದಿಯಲ್ಲಿ ದಾಖಲಾಗುತ್ತದೆ. ಸಾಲಕ್ಕಾಗಿ ಪರದಾಡುತ್ತಿರುವವರ ಹಾಗೆ ಕಾಣುತ್ತೀರಿ.

ಕೇಳದೆಯೇ ಕಾರ್ಡ್ ಬಂದರೆ ಏನು ಮಾಡಬೇಕು? ಆರ್‌ಬಿಐಯ 2022ರ ಕಾರ್ಡ್ ನಿಯಮಗಳ ಪ್ರಕಾರ ಗ್ರಾಹಕರು ಕೇಳದ ಕಾರ್ಡ್ ಕಳಿಸುವಂತಿಲ್ಲ. ಕಳಿಸಿ ಶುಲ್ಕವನ್ನೂ ಹಾಕಿದರೆ ಅದನ್ನು ವಾಪಸ್ ಮಾಡಿ, ಅದರ ಎರಡರಷ್ಟು ದಂಡವನ್ನು ನಿಮಗೆ ಕೊಡಬೇಕು. ಅಂಥ ಕಾರ್ಡನ್ನು ಆ್ಯಕ್ಟಿವೇಟ್ ಮಾಡಬೇಡಿ, ಓಟಿಪಿ ಕೇಳಿದರೂ ಕೊಡಬೇಡಿ. ಬ್ಯಾಂಕಿಗೆ ಬರಹದಲ್ಲಿ ದೂರು ಕೊಡಿ.

ಹಂತ 2: ಕಾರ್ಡ್ ಕೈಗೆ ಬಂದ ದಿನ

ಲಕೋಟೆ ಹರಿದಿಲ್ಲ ಅನ್ನುವುದನ್ನು ನೋಡಿ. ಆಮೇಲೆ ಬ್ಯಾಂಕಿನ ಆ್ಯಪ್ ತೆರೆದು ಈ ಕೆಲಸಗಳನ್ನು ಅವತ್ತೇ ಮುಗಿಸಿ. ಹತ್ತು ನಿಮಿಷ ಸಾಕು.

ಪಿನ್ ನೀವೇ ಇಟ್ಟುಕೊಳ್ಳಿ. ಹುಟ್ಟಿದ ವರ್ಷ, ಗಾಡಿ ನಂಬರ್, 1234 ಇವು ಬೇಡ.

“ಕಾರ್ಡ್ ಕಂಟ್ರೋಲ್” ಅಥವಾ “ಮ್ಯಾನೇಜ್ ಕಾರ್ಡ್” ಅನ್ನುವ ಕಡೆ ಹೋಗಿ. ಅಂಗಡಿ, ಆನ್‌ಲೈನ್, ವಿದೇಶಿ ವ್ಯವಹಾರ, ತಾಗಿಸಿದರೆ ಹಣ ಹೋಗುವ ಕಾಂಟ್ಯಾಕ್ಟ್‌ಲೆಸ್, ಎಟಿಎಂ ನಗದು, ಹೀಗೆ ಒಂದೊಂದಕ್ಕೂ ಬೇರೆ ಬೇರೆ ಸ್ವಿಚ್ ಇರುತ್ತದೆ. ಈ ಸೌಲಭ್ಯವನ್ನು ಕೊಡಲೇಬೇಕು ಅಂತ ಆರ್‌ಬಿಐ 2020ರಲ್ಲೇ ನಿಯಮ ಮಾಡಿದೆ. ವಿದೇಶಿ ವ್ಯವಹಾರ ಆಫ್ ಇರಲಿ. ವಿದೇಶದ ಎಷ್ಟೋ ವೆಬ್‌ಸೈಟ್‌ಗಳು ಓಟಿಪಿ ಕೇಳುವುದೇ ಇಲ್ಲ. ಕಾರ್ಡ್ ನಂಬರ್, ಅವಧಿ ಮುಗಿಯುವ ತಿಂಗಳು, ಸಿವಿವಿ ಇಷ್ಟು ಸಿಕ್ಕರೆ ಹಣ ಹೋಗುತ್ತದೆ. ಈ ಒಂದು ಸ್ವಿಚ್ ಆಫ್ ಇದ್ದರೆ ದೊಡ್ಡ ಅಪಾಯವೇ ತಪ್ಪುತ್ತದೆ. ಬೇಕಾದಾಗ ಆನ್ ಮಾಡಿ, ಕೆಲಸ ಮುಗಿದ ಮೇಲೆ ಆಫ್ ಮಾಡಿ.

ಕಾಂಟ್ಯಾಕ್ಟ್‌ಲೆಸ್‌ನಲ್ಲಿ 5,000 ರೂಪಾಯಿವರೆಗೆ ಪಿನ್ ಇಲ್ಲದೆಯೇ ಹಣ ಹೋಗುತ್ತದೆ. ಅದು ನಿಮಗೆ ಬೇಡವಾದರೆ ಮುಚ್ಚಿಬಿಡಿ, ಅಥವಾ ಅದರ ಮಿತಿಯನ್ನು ಇಳಿಸಿ. ಎಟಿಎಂ ನಗದಂತೂ ಆಫ್ ಇರಲಿ. ಯಾಕೆ ಅನ್ನುವುದು ಐದನೇ ಹಂತದಲ್ಲಿದೆ.

ಒಟ್ಟು ಲಿಮಿಟ್ 2 ಲಕ್ಷ ಇದ್ದು ನಿಮ್ಮ ತಿಂಗಳ ಖರ್ಚು 30,000 ದಾಟದಿದ್ದರೆ, ಆನ್‌ಲೈನ್ ವ್ಯವಹಾರದ ಮಿತಿಯನ್ನು ಆ್ಯಪ್‌ನಲ್ಲೇ ಕೆಳಗಿಳಿಸಿ. ಒಟ್ಟು ಲಿಮಿಟ್ ಹಾಗೇ ಇರುತ್ತದೆ, ಕಳ್ಳನ ಕೈಗೆ ಸಿಗುವುದು ಮಾತ್ರ ಕಡಿಮೆಯಾಗುತ್ತದೆ.

ಕೊನೆಯದಾಗಿ, ಎಸ್‌ಎಂಎಸ್ ಮತ್ತು ಇಮೇಲ್ ಅಲರ್ಟ್ ಬರುತ್ತಿದೆಯಾ ನೋಡಿ. ಅಪ್ಪ ಅಮ್ಮನ ಕಾರ್ಡ್‌ಗೆ ನಿಮ್ಮ ನಂಬರ್ ಕೊಟ್ಟಿದ್ದರೆ ಅವರಿಗೆ ಅಲರ್ಟ್ ಕಾಣುವುದೇ ಇಲ್ಲ ಅನ್ನುವುದು ನೆನಪಿರಲಿ. ಹಾಗೆಯೇ ಮನೆಯವರಿಗೆ ಆ್ಯಡ್-ಆನ್ ಕಾರ್ಡ್ ಕೊಡಿಸಿದರೆ, ಅದರ ಖರ್ಚು ಕಟ್ಟುವ ಹೊಣೆ ಮುಖ್ಯ ಕಾರ್ಡ್ ಇರುವವರದ್ದೇ.

ಹಂತ 3: ನಿಮ್ಮ ಎರಡು ತಾರೀಖು

ನಿಮ್ಮ ಬಿಲ್ ಪ್ರತಿ ತಿಂಗಳ 5ಕ್ಕೆ ತಯಾರಾಗುತ್ತದೆ, ಡ್ಯೂ ಡೇಟ್ 25 ಅಂದುಕೊಳ್ಳಿ. ಜೂನ್ 6ಕ್ಕೆ ಕೊಂಡದ್ದು ಜುಲೈ 5ರ ಬಿಲ್‌ಗೆ ಬರುತ್ತದೆ. ಜುಲೈ 25ಕ್ಕೆ ಕಟ್ಟಿದರೆ ಸಾಕು. 49 ದಿನ ಬಡ್ಡಿ ಇಲ್ಲದ ಸಾಲ ಸಿಕ್ಕಿತು. ಅದೇ ವಸ್ತುವನ್ನು ಜುಲೈ 4ಕ್ಕೆ ಕೊಂಡರೆ ಅದೂ ಜುಲೈ 5ರ ಬಿಲ್‌ಗೇ ಸೇರುತ್ತದೆ. ಸಿಗುವುದು 21 ದಿನ ಮಾತ್ರ. ದೊಡ್ಡ ಖರೀದಿ ಇದ್ದರೆ ಬಿಲ್ ಆದ ಮರುದಿನ ಮಾಡಿ.

ನಿಮ್ಮ ಸಂಬಳ ಬರುವುದು ತಿಂಗಳ 1ಕ್ಕೆ, ಡ್ಯೂ ಡೇಟ್ 28ಕ್ಕೆ ಇದ್ದರೆ ಖಾತೆ ಬರಿದಾದಾಗ ಬಿಲ್ ಬಂದು ನಿಲ್ಲುತ್ತದೆ. ಬಿಲ್ಲಿಂಗ್ ಸೈಕಲ್ ಬದಲಿಸಿಕೊಳ್ಳುವ ಅವಕಾಶವನ್ನು ಆರ್‌ಬಿಐ ನಿಯಮ ನಿಮಗೆ ಕೊಟ್ಟಿದೆ. ಬ್ಯಾಂಕಿನ ಆ್ಯಪ್, ಇಮೇಲ್ ಅಥವಾ ಕಾಲ್ ಸೆಂಟರ್ ಮೂಲಕ ಕೇಳಿ. ಸಂಬಳ ಬಂದ ಐದಾರು ದಿನದೊಳಗೆ ಡ್ಯೂ ಡೇಟ್ ಬರುವ ಹಾಗೆ ಮಾಡಿಕೊಳ್ಳಿ. ಇದು ಗೊತ್ತಿಲ್ಲದೆ ಪ್ರತಿ ತಿಂಗಳೂ ಒದ್ದಾಡುವವರು ತುಂಬಾ ಜನ.

ಹಂತ 4: ಬಿಲ್ ಕಟ್ಟುವುದು

ಇಡೀ ಲೇಖನದಲ್ಲಿ ಮುಖ್ಯವಾದ ಜಾಗ ಇದು. ಒಂದು ಲೆಕ್ಕ ಹಾಕಿ ನೋಡೋಣ. ಬಡ್ಡಿ ತಿಂಗಳಿಗೆ ಶೇ. 3.5, ಅಂದರೆ ವರ್ಷಕ್ಕೆ ಶೇ. 42. ನಮ್ಮಲ್ಲಿ ಎಷ್ಟೋ ಕಾರ್ಡ್‌ಗಳಿಗೆ ಇದರ ಆಸುಪಾಸಿನ ದರವೇ ಇದೆ.

ಜೂನ್ 10ಕ್ಕೆ ನೀವು 40,000 ರೂಪಾಯಿಯ ಟಿವಿ ಕೊಂಡಿರಿ. ಜುಲೈ 5ಕ್ಕೆ ಬಿಲ್ ಬಂತು. ಟೋಟಲ್ ಡ್ಯೂ 40,000, ಮಿನಿಮಮ್ ಡ್ಯೂ 2,000. ಜುಲೈ 25ಕ್ಕೆ ನೀವು ಮಿನಿಮಮ್ ಮಾತ್ರ ಕಟ್ಟಿದಿರಿ. ಉಳಿದದ್ದು 38,000. ಅದರ ಮೇಲೆ ಬಡ್ಡಿ ಜುಲೈ 25ರಿಂದ ಶುರುವಾಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ನೀವು ಟಿವಿ ಕೊಂಡ ದಿನದಿಂದಲೇ, ಅಂದರೆ ಜೂನ್ 10ರಿಂದ ಲೆಕ್ಕ ಹಾಕುತ್ತಾರೆ. ಆಗಸ್ಟ್ 5ರ ಬಿಲ್‌ವರೆಗೆ, ಮೊದಲ ಮತ್ತು ಕೊನೆಯ ದಿನ ಎರಡೂ ಸೇರಿ 57 ದಿನ. ಬಡ್ಡಿ ಸುಮಾರು 2,492 ರೂಪಾಯಿ. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಸುಮಾರು 449. ಎರಡೂ ಸೇರಿ 2,941.

ಅಂದರೆ ಆಗಸ್ಟ್ 5ರ ಬಿಲ್ 40,941 ರೂಪಾಯಿ. ನೀವು 2,000 ಕಟ್ಟಿದ್ದೀರಿ, ಹೊಸದಾಗಿ ಒಂದು ರೂಪಾಯಿಯನ್ನೂ ಖರ್ಚು ಮಾಡಿಲ್ಲ, ಆದರೂ ಬಾಕಿ ಮೊದಲಿಗಿಂತ ಜಾಸ್ತಿಯಾಗಿದೆ. “ಬಾಕಿ ಯಾಕೆ ಇಳಿಯುತ್ತಿಲ್ಲ” ಅನ್ನುವ ಪ್ರಶ್ನೆಗೆ ಉತ್ತರ ಇದೇ. ಮುಂದಿನ ತಿಂಗಳುಗಳಲ್ಲೂ 38,000ಕ್ಕೆ ತಿಂಗಳ ಬಡ್ಡಿ ಸುಮಾರು 1,330, ಜಿಎಸ್‌ಟಿ ಸೇರಿದರೆ ಸುಮಾರು 1,570. ಕಟ್ಟಿದ್ದರಲ್ಲಿ ಅಷ್ಟು ಮೊದಲು ಬಡ್ಡಿಗೇ ಹೋಗುತ್ತದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಹಳೆಯ ಬಾಕಿ ಸ್ವಲ್ಪ ಉಳಿದಿದ್ದರೂ ಬಡ್ಡಿ ಇಲ್ಲದ ಅವಧಿ ಹೊರಟುಹೋಗುತ್ತದೆ. ಆ ತಿಂಗಳು ನೀವು ಕಿರಾಣಿ ಅಂಗಡಿಯಲ್ಲಿ ಸ್ವೈಪ್ ಮಾಡಿದ 800 ರೂಪಾಯಿಗೂ ಅವತ್ತಿನಿಂದಲೇ ಬಡ್ಡಿ. ಹಾಗಾಗಿ ಬಾಕಿ ಇರುವ ಕಾರ್ಡನ್ನು ಹೊಸ ಖರ್ಚಿಗೆ ಬಳಸಬೇಡಿ.

ಬಡ್ಡಿಗೆ ಮೇಲ್ಮಿತಿ ಇಲ್ಲವಾ? ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕಬಾರದು ಅಂತ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಈಗ ಆ ಆಸರೆಯೂ ಇಲ್ಲ. ಷರತ್ತಿನಲ್ಲಿ ಬರೆದಿರುವ ದರವನ್ನು ನೀವೇ ಓದಿಕೊಳ್ಳಬೇಕು.

ಈಗ ಕಟ್ಟುವ ಕ್ರಮ.

ಬಿಲ್ ಬಂದ ದಿನವೇ ಒಂದೊಂದು ಸಾಲನ್ನೂ ಓದಿ. ಗೊತ್ತಿಲ್ಲದ ಖರ್ಚು, ಕೇಳದ ಇನ್ಶೂರೆನ್ಸ್, ಫೋನ್‌ನಲ್ಲಿ ಯಾರೋ ಅಂಟಿಸಿದ “ಪ್ರೊಟೆಕ್ಷನ್ ಪ್ಲಾನ್” ಇವೆಲ್ಲ ಇಲ್ಲೇ ಸಿಕ್ಕಿಬೀಳುತ್ತವೆ.

ಉಳಿತಾಯ ಖಾತೆಯಿಂದ ಆಟೊ ಡೆಬಿಟ್ ಹಾಕಿಸಿ. ಹಾಕಿಸುವಾಗ ಒಂದು ಆಯ್ಕೆ ಬರುತ್ತದೆ: ಟೋಟಲ್ ಡ್ಯೂ ಅಥವಾ ಮಿನಿಮಮ್ ಡ್ಯೂ. ಗಮನ ಇಲ್ಲದೆ ಮಿನಿಮಮ್ ಒತ್ತಿ, ಎಲ್ಲವೂ ಸರಿಯಾಗಿ ಕಟ್ಟಿಹೋಗುತ್ತಿದೆ ಅಂತ ತಿಂಗಳುಗಟ್ಟಲೆ ನಿಶ್ಚಿಂತೆಯಿಂದ ಇರುವವರಿದ್ದಾರೆ. ಈಗಲೇ ನಿಮ್ಮದನ್ನು ತೆರೆದು ನೋಡಿ.

ಆಟೊ ಡೆಬಿಟ್ ದಿನ ಖಾತೆಯಲ್ಲಿ ಹಣ ಇರಬೇಕು. ಇಲ್ಲದಿದ್ದರೆ ಬೌನ್ಸ್ ಆಗಿ ಎರಡೂ ಕಡೆ ದಂಡ ಬೀಳಬಹುದು. ಬೇರೆ ಆ್ಯಪ್‌ನಿಂದ ಕಟ್ಟುವುದಾದರೆ ಡ್ಯೂ ಡೇಟ್‌ಗೆ ಮೂರು ದಿನ ಮೊದಲೇ ಕಟ್ಟಿ. ಹಣ ಕಾರ್ಡ್ ಖಾತೆಗೆ ಸೇರಲು ಕೆಲವೊಮ್ಮೆ ಸಮಯ ಹಿಡಿಯುತ್ತದೆ.

ಡ್ಯೂ ಡೇಟ್ ಮರೆತುಹೋಯಿತಾ? ಗಾಬರಿ ಬೇಡ. ಬಾಕಿ ಮೂರು ದಿನ ದಾಟಿದ ಮೇಲಷ್ಟೇ ಲೇಟ್ ಫೀ ಹಾಕಬಹುದು, ಸಿಬಿಲ್‌ನಂಥ ಕ್ರೆಡಿಟ್ ವರದಿ ಸಂಸ್ಥೆಗಳಿಗೆ ತಡವಾಗಿದೆ ಅಂತ ವರದಿ ಮಾಡಬಹುದು ಅನ್ನುತ್ತದೆ ನಿಯಮ. ಆ ಮೂರು ದಿನದೊಳಗೆ ಪೂರ್ತಿ ಕಟ್ಟಿಬಿಡಿ. ಇದು ಮರೆತವರಿಗೆ ಇರುವ ರಕ್ಷಣೆ. ಇದನ್ನು ನಂಬಿಕೊಂಡು ಬೇಕಂತಲೇ ತಡಮಾಡಬೇಡಿ.

ರಿಫಂಡ್ ಬರುತ್ತದೆ ಅಂತ ಬಿಲ್‌ನಲ್ಲಿ ನೀವೇ ಕಳೆದು ಕಡಿಮೆ ಕಟ್ಟಬೇಡಿ. ರಿಫಂಡ್ ಕಾರ್ಡ್‌ಗೆ ಜಮಾ ಆಗಿರುವುದು ಕಾಣಿಸಿದ ಮೇಲೆ ಮಾತ್ರ ಲೆಕ್ಕಕ್ಕೆ ತಗೊಳ್ಳಿ.

ಹಂತ 5: ಬಳಸುವಾಗ ದುಬಾರಿಯಾಗುವ ಜಾಗಗಳು

ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್‌ನಿಂದ ನಗದು ತೆಗೆಯಬೇಡಿ. ತೆಗೆದ ಕೂಡಲೇ ಒಂದು ಶುಲ್ಕ, ಅವತ್ತಿನಿಂದಲೇ ಬಡ್ಡಿ. ಮೂರನೇ ಹಂತದಲ್ಲಿ ಹೇಳಿದ ಬಡ್ಡಿ ಇಲ್ಲದ ಅವಧಿ ನಗದಿಗೆ ಅನ್ವಯಿಸುವುದಿಲ್ಲ. “ಕಾರ್ಡ್ ಸ್ವೈಪ್ ಮಾಡಿ ಕ್ಯಾಶ್ ಕೊಡುತ್ತೇವೆ” ಅನ್ನುವ ಅಂಗಡಿಗಳಿಂದಲೂ ದೂರ ಇರಿ. ಸಾಮಾನು ಕೊಳ್ಳದೆ ಸುಳ್ಳು ಬಿಲ್ ಮಾಡುವುದು ಕಾರ್ಡಿನ ಷರತ್ತನ್ನು ಮುರಿದ ಹಾಗೆ. ಬ್ಯಾಂಕ್ ಕಾರ್ಡನ್ನೇ ನಿಲ್ಲಿಸಬಹುದು. ನಿಮ್ಮ ಕಾರ್ಡ್ ಅಪರಿಚಿತರ ಕೈಗೆ ಹೋಗುವುದು ಬೇರೆ.

ನೋ ಕಾಸ್ಟ್ ಇಎಂಐ ಪೂರ್ತಿ ಖರ್ಚಿಲ್ಲದ್ದು ಅಂತ ತಿಳಿಯಬೇಡಿ. ಬ್ಯಾಂಕ್ ಬಡ್ಡಿ ಹಾಕಿಯೇ ಹಾಕುತ್ತದೆ. ಅಷ್ಟು ಮೊತ್ತವನ್ನು ಮಾರುವವರು ಮೊದಲೇ ಡಿಸ್ಕೌಂಟ್ ಆಗಿ ಕೊಡುತ್ತಾರೆ. ಆ ಬಡ್ಡಿಯ ಮೇಲಿನ ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಫೀ ನಿಮ್ಮ ಪಾಲು. ಪೂರ್ತಿ ಹಣ ಕೊಟ್ಟರೆ ಬೇರೆ ಡಿಸ್ಕೌಂಟ್ ಇದೆಯಾ ಅಂತ ಅಂಗಡಿಯಲ್ಲಿ ಕೇಳಿ, ಆಮೇಲೆ ಹೋಲಿಸಿ. ಇಎಂಐ ಮುಗಿಯುವವರೆಗೆ ಲಿಮಿಟ್‌ನ ಒಂದು ಭಾಗ ಹಿಡಿದಿಟ್ಟಿರುತ್ತದೆ ಅನ್ನುವುದೂ ಗೊತ್ತಿರಲಿ. ಮೂರು ನಾಲ್ಕು ಇಎಂಐ ಒಟ್ಟಿಗೆ ಓಡುತ್ತಿದ್ದರೆ, ಹೊಸದನ್ನು ಹಾಕುವುದಕ್ಕೆ ಮೊದಲು ಎಲ್ಲ ಕಂತುಗಳನ್ನು ಒಂದು ಹಾಳೆಯಲ್ಲಿ ಕೂಡಿ ನೋಡಿ.

ವಿದೇಶದಲ್ಲಿ ಬಳಸುವವರಿಗೆ: ಕರೆನ್ಸಿ ಬದಲಾವಣೆಗೆ ಬ್ಯಾಂಕ್ ಒಂದು ಶುಲ್ಕ ಹಾಕುತ್ತದೆ. ತುಂಬಾ ಕಾರ್ಡ್‌ಗಳಲ್ಲಿ ಇದು ಶೇ. 3.5ರ ಆಸುಪಾಸು, ಮೇಲೆ ಜಿಎಸ್‌ಟಿ. ದುಬೈನಲ್ಲೋ ಸಿಂಗಪುರದಲ್ಲೋ ಅಂಗಡಿಯವರು “ರೂಪಾಯಿಯಲ್ಲಿ ಬಿಲ್ ಮಾಡಲಾ?” ಅಂತ ಕೇಳಿದರೆ ಬೇಡ ಅನ್ನಿ. ಆ ದೇಶದ ಹಣದಲ್ಲೇ ಮಾಡಿಸಿ. ರೂಪಾಯಿಗೆ ಬದಲಿಸುವಾಗ ಅಲ್ಲಿನವರು ಹಾಕುವ ದರ ಸಾಮಾನ್ಯವಾಗಿ ಇನ್ನೂ ದುಬಾರಿ.

ರುಪೇ ಕ್ರೆಡಿಟ್ ಕಾರ್ಡನ್ನು 2022ರಿಂದ ಯುಪಿಐಗೆ ಜೋಡಿಸಬಹುದು. ಅಂಗಡಿಯ ಕ್ಯೂಆರ್‌ಗೆ ಸ್ಕ್ಯಾನ್ ಮಾಡಿ ಕಟ್ಟಲು ಚೆನ್ನಾಗಿದೆ. ಸ್ನೇಹಿತರಿಗೆ, ಬಂಧುಗಳಿಗೆ ಹಣ ಕಳಿಸಲು ಆಗುವುದಿಲ್ಲ. ನನಗೆ ಇದರಲ್ಲಿ ಕಾಣುವ ತೊಂದರೆ ಒಂದೇ. ಟೀ, ತರಕಾರಿ, ಆಟೊ ಅಂತ ಇಪ್ಪತ್ತು ಮೂವತ್ತು ರೂಪಾಯಿಗಳು ಸೇರಿ ತಿಂಗಳ ಕೊನೆಗೆ ಬಿಲ್ ಎಷ್ಟಾಯಿತು ಅನ್ನುವ ಅಂದಾಜೇ ತಪ್ಪುತ್ತದೆ. ವಾರಕ್ಕೊಮ್ಮೆ ಆ್ಯಪ್‌ನಲ್ಲಿ ಬಿಲ್ ಆಗದ ಖರ್ಚನ್ನು ನೋಡಿ.

ರಿವಾರ್ಡ್ ಪಾಯಿಂಟ್ ಬಗ್ಗೆ ಒಂದೇ ಮಾತು. ಹೇಗೂ ಮಾಡಬೇಕಿದ್ದ ಖರ್ಚಿಗೆ ಬಂದರೆ ಲಾಭ. ಪಾಯಿಂಟ್‌ಗಾಗಿ ಸುಮ್ನೆ ಖರ್ಚು ಮಾಡಿದರೆ ನಷ್ಟ.

ಲಿಮಿಟ್‌ನ ಶೇ. 30ರೊಳಗೆ ಖರ್ಚು ಇಟ್ಟುಕೊಂಡರೆ ಸ್ಕೋರ್‌ಗೆ ಒಳ್ಳೆಯದು. ಲಿಮಿಟ್ ಮೀರಿ ಖರ್ಚು ಮಾಡುವ ಓವರ್‌ಲಿಮಿಟ್ ಸೌಲಭ್ಯಕ್ಕೂ, ಲಿಮಿಟ್ ಏರಿಸುವುದಕ್ಕೂ ನಿಮ್ಮ ಸ್ಪಷ್ಟ ಒಪ್ಪಿಗೆ ಬೇಕು. ಓವರ್‌ಲಿಮಿಟ್‌ಗೆ ಒಪ್ಪಬೇಡಿ.

ಹಂತ 6: ಮೋಸಗಾರರನ್ನು ದೂರ ಇಡುವುದು

ಕಾರ್ಡ್ ಕದಿಯುವವರು ಈಗ ಕಾರ್ಡನ್ನು ಕದಿಯುವುದೇ ಇಲ್ಲ. ನಿಮ್ಮಿಂದಲೇ ಓಟಿಪಿ ಹೇಳಿಸಿಕೊಳ್ಳುತ್ತಾರೆ. ಕರೆಗಳು ಬರುವ ಬಗೆ ಹೆಚ್ಚುಕಡಿಮೆ ಒಂದೇ ಥರ. “ಪಾಯಿಂಟ್ಸ್ ಇವತ್ತು ರಾತ್ರಿ ಎಕ್ಸ್‌ಪೈರ್ ಆಗುತ್ತೆ.” “ಲಿಮಿಟ್ ಡಬಲ್ ಮಾಡ್ತೀವಿ.” “ಕೆವೈಸಿ ಆಗಿಲ್ಲ, ಕಾರ್ಡ್ ಬ್ಲಾಕ್ ಆಗುತ್ತೆ.” “ವಾರ್ಷಿಕ ಶುಲ್ಕ ವಾಪಸ್ ಕೊಡ್ತೀವಿ.” ಎಲ್ಲದರಲ್ಲೂ ಇರುವುದು ಅವಸರ ಮತ್ತು ಆಸೆ. ಈಗ ಚೆನ್ನಾಗಿ ಕನ್ನಡದಲ್ಲೇ ಮಾತಾಡುತ್ತಾರೆ, ನಿಮ್ಮ ಹೆಸರು, ಕಾರ್ಡ್‌ನ ಕೊನೆಯ ನಾಲ್ಕು ಅಂಕಿಯನ್ನೂ ಹೇಳುತ್ತಾರೆ. ಅದರಿಂದ ಅವರು ಬ್ಯಾಂಕಿನವರು ಅಂತ ಆಗುವುದಿಲ್ಲ.

ಬ್ಯಾಂಕುಗಳು ಸೇವೆಗೆ ಸಂಬಂಧಿಸಿದ ಕರೆಗಳನ್ನು 1600ರಿಂದ ಶುರುವಾಗುವ ನಂಬರ್‌ಗಳಿಂದ ಮಾಡಬೇಕು ಅನ್ನುವ ವ್ಯವಸ್ಥೆ ಬಂದಿದೆ. ಪ್ರಚಾರದ ಕರೆಗೆ 140ರ ಸರಣಿ. ಮಾಮೂಲಿ ಹತ್ತಂಕಿಯ ಮೊಬೈಲ್‌ನಿಂದ “ಬ್ಯಾಂಕ್‌ನಿಂದ ಮಾತಾಡ್ತಿದೀನಿ” ಅಂದರೆ ಕಟ್ ಮಾಡಿ. ಕರೆ ಯಾವ ನಂಬರ್‌ನಿಂದ ಬಂದಿದ್ದರೂ ಓಟಿಪಿ, ಸಿವಿವಿ, ಪಿನ್ ಮಾತ್ರ ಕೊಡಬೇಡಿ. ಸಂಶಯ ಬಂದರೆ ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರ್‌ಗೆ ನೀವೇ ಕರೆ ಮಾಡಿ. ಗೂಗಲ್‌ನಲ್ಲಿ “ಕಸ್ಟಮರ್ ಕೇರ್” ಅಂತ ಹುಡುಕಬೇಡಿ. ಅಲ್ಲಿ ಮೋಸಗಾರರೇ ತಮ್ಮ ನಂಬರ್ ಹಾಕಿರುತ್ತಾರೆ. ಬ್ಯಾಂಕುಗಳ ವೆಬ್‌ಸೈಟ್ ವಿಳಾಸ ಈಗ “ಡಾಟ್ ಬ್ಯಾಂಕ್ ಡಾಟ್ ಇನ್” ಅಂತ ಕೊನೆಯಾಗುತ್ತದೆ. ಅದನ್ನೂ ನೋಡಿಕೊಳ್ಳಿ.

ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲ್‌ಗಳನ್ನು ತೆರೆಯಬೇಡಿ. ಎಪಿಕೆ ಅಂದರೆ ಪ್ಲೇ ಸ್ಟೋರ್‌ನ ಹೊರಗಿಂದ ಆ್ಯಪ್ ಹಾಕುವ ಫೈಲ್. ಮದುವೆ ಆಮಂತ್ರಣ, ಟ್ರಾಫಿಕ್ ಚಲನ್, ಬ್ಯಾಂಕ್ ಕೆವೈಸಿ ಅನ್ನುವ ಹೆಸರಲ್ಲಿ ಬರುತ್ತದೆ. ಹಾಕಿಕೊಂಡರೆ ನಿಮ್ಮ ಎಸ್‌ಎಂಎಸ್ ಅವರಿಗೆ ಹೋಗುತ್ತದೆ, ಆಗ ಓಟಿಪಿಯನ್ನು ನೀವು ಹೇಳಬೇಕಾದ ಅಗತ್ಯವೂ ಇಲ್ಲ. ಸ್ಕ್ರೀನ್ ಶೇರ್ ಮಾಡಿ ಅಂದವರಿಗೂ ಇದೇ ಉತ್ತರ, ಬೇಡ.

“ವೆಬ್‌ಸೈಟ್‌ನಲ್ಲಿ ಕಾರ್ಡ್ ಸೇವ್ ಮಾಡಬಹುದಾ?” ಅಂತ ಕೇಳುತ್ತೀರಿ. 2022ರ ಅಕ್ಟೋಬರ್ 1ರಿಂದ ನಮ್ಮ ದೇಶದಲ್ಲಿ ವ್ಯಾಪಾರಿಗಳು ಕಾರ್ಡ್ ನಂಬರ್ ಇಟ್ಟುಕೊಳ್ಳುವಂತಿಲ್ಲ. ಅದರ ಬದಲು ಟೋಕನ್ ಅನ್ನುವ ಬದಲಿ ಸಂಖ್ಯೆ ಇರುತ್ತದೆ, ಅದು ಆ ಒಂದೇ ವ್ಯಾಪಾರಿಯ ಬಳಿ ನಡೆಯುತ್ತದೆ. ನೀವು ಪದೇ ಪದೇ ಬಳಸುವ ದೊಡ್ಡ ಆ್ಯಪ್‌ಗಳಲ್ಲಿ ಸೇವ್ ಮಾಡುವುದರಲ್ಲಿ ತೊಂದರೆ ಇಲ್ಲ. ಒಮ್ಮೆ ಮಾತ್ರ ಕೊಳ್ಳುವ ಕಡೆ ಬೇಡ.

ತಿಂಗಳು ತಿಂಗಳು ತಾನಾಗಿ ಕಡಿತವಾಗುವ ಚಂದಾಗಳಿಗೆ ಹಣ ಹೋಗುವ 24 ಗಂಟೆ ಮೊದಲೇ ಸಂದೇಶ ಬರಬೇಕು. ಆ ಸಂದೇಶವನ್ನು ಓದಿ. ಬೇಡದ ಚಂದಾ ಇದ್ದರೆ ಅದರಲ್ಲಿರುವ ದಾರಿಯಿಂದಲೇ ನಿಲ್ಲಿಸಬಹುದು.

ಹಂತ 7: ಮೋಸ ಆಗಿಯೇಬಿಟ್ಟರೆ

ಗೊತ್ತಿಲ್ಲದ ಖರ್ಚಿನ ಎಸ್‌ಎಂಎಸ್ ಬಂತು. ಈಗ ಯೋಚಿಸುತ್ತಾ ಕೂರಬೇಡಿ. ಬೆಳಗ್ಗೆ ಬ್ಯಾಂಕ್ ತೆರೆಯಲಿ ಅಂತಲೂ ಕಾಯಬೇಡಿ. ಇದೇ ಕ್ರಮದಲ್ಲಿ ಮಾಡಿ.

ಒಂದು, ಆ್ಯಪ್ ತೆರೆದು ಕಾರ್ಡ್ ಬ್ಲಾಕ್ ಮಾಡಿ. ಆ್ಯಪ್ ತೆರೆಯದಿದ್ದರೆ ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿ, ಅದು 24 ಗಂಟೆಯೂ ಇರುತ್ತದೆ. ಈ ನಂಬರನ್ನು ಇವತ್ತೇ ಫೋನ್‌ನಲ್ಲಿ ಸೇವ್ ಮಾಡಿಟ್ಟುಕೊಳ್ಳಿ. ಕಾರ್ಡ್ ಕಳೆದುಹೋದರೆ ಅದರ ಹಿಂದಿನ ನಂಬರ್ ಎಲ್ಲಿ ಸಿಗುತ್ತದೆ?

ಎರಡು, ಅದೇ ಕರೆಯಲ್ಲಿ “ಇದು ನಾನು ಮಾಡಿದ ವ್ಯವಹಾರ ಅಲ್ಲ” ಅಂತ ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಬ್ಲಾಕ್ ಮಾಡಿದ ಮಾತ್ರಕ್ಕೆ ದೂರು ಕೊಟ್ಟ ಹಾಗೆ ಆಗುವುದಿಲ್ಲ. ಇಲ್ಲೇ ಜಾಸ್ತಿ ಜನ ಎಡವುತ್ತಾರೆ.

ಮೂರು, 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಹಣ ಕಳ್ಳರ ಕೈ ಸೇರುವ ಮುನ್ನ ಎಲ್ಲಾದರೂ ತಡೆಹಿಡಿಯಲು ಇರುವ ದಾರಿ ಇದು, ಹಾಗಾಗಿ ಒಂದೊಂದು ನಿಮಿಷವೂ ಮುಖ್ಯ. ವ್ಯವಹಾರದ ಸಮಯ, ಮೊತ್ತ, ಎಸ್‌ಎಂಎಸ್‌ನಲ್ಲಿರುವ ಸಂಖ್ಯೆ ಕೈಯಲ್ಲಿರಲಿ. ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಹಾಕಬಹುದು. ಕರ್ನಾಟಕದಲ್ಲಿ ಇಂಥ ಪ್ರಕರಣಗಳಿಗಾಗಿಯೇ ಸೆನ್ ಪೊಲೀಸ್ ಠಾಣೆಗಳಿವೆ. ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳನ್ನು ನೋಡುವ ಠಾಣೆ ಅದು.

ನಾಲ್ಕು, ಬ್ಯಾಂಕಿಗೆ ಇಮೇಲ್ ಕಳಿಸಿ. ದೂರಿನ ಸಂಖ್ಯೆ, ಎಸ್‌ಎಂಎಸ್‌ನ ಸ್ಕ್ರೀನ್‌ಶಾಟ್ ಸೇರಿಸಿ. ನಂತರ ಬ್ಯಾಂಕ್ ಕೇಳುವ ಡಿಸ್ಪ್ಯೂಟ್ ಫಾರ್ಮ್, ಅಂದರೆ ಆ ಖರ್ಚನ್ನು ಒಪ್ಪುವುದಿಲ್ಲ ಅನ್ನುವ ಅರ್ಜಿಯನ್ನು ತುಂಬಿಕೊಡಿ.

ಹಣ ವಾಪಸ್ ಸಿಗುತ್ತದಾ? ಆರ್‌ಬಿಐಯ 2017ರ ಜುಲೈ ಸುತ್ತೋಲೆ ಹೀಗನ್ನುತ್ತದೆ. ತಪ್ಪು ಬ್ಯಾಂಕಿನದ್ದಾದರೆ ನೀವು ಏನೂ ಕಟ್ಟಬೇಕಿಲ್ಲ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ ಅಂದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. ನಾಲ್ಕರಿಂದ ಏಳು ಕೆಲಸದ ದಿನದೊಳಗೆ ತಿಳಿಸಿದರೆ, 5 ಲಕ್ಷದವರೆಗಿನ ಲಿಮಿಟ್ ಇರುವ ಕಾರ್ಡ್‌ಗೆ ಗರಿಷ್ಠ 10,000, ಅದಕ್ಕಿಂತ ದೊಡ್ಡ ಲಿಮಿಟ್‌ಗೆ ಗರಿಷ್ಠ 25,000 ನಿಮ್ಮ ಪಾಲು. ಆಮೇಲೆ ತಿಳಿಸಿದರೆ ಬ್ಯಾಂಕಿನ ನೀತಿ ಹೇಗಿದೆಯೋ ಹಾಗೆ. ದೂರು ಕೊಟ್ಟ 10 ಕೆಲಸದ ದಿನದೊಳಗೆ ಆ ಮೊತ್ತವನ್ನು ತಾತ್ಕಾಲಿಕವಾಗಿ ಜಮಾ ಮಾಡಬೇಕು, 90 ದಿನದೊಳಗೆ ದೂರು ಇತ್ಯರ್ಥ ಮಾಡಬೇಕು. ತಪ್ಪು ಗ್ರಾಹಕರದ್ದು ಅಂತ ತೋರಿಸುವ ಹೊಣೆ ಬ್ಯಾಂಕಿನದ್ದು.

ಓಟಿಪಿಯನ್ನು ನೀವೇ ಹೇಳಿದ್ದರೆ? ಆಗ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದ್ದು. ಹಾಗಾಗಿ ನಾಚಿಕೆಯಿಂದ, ಮನೆಯವರು ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ಮನೆಯ ಹಿರಿಯರಿಗೆ ಇದನ್ನು ಮೊದಲೇ ಹೇಳಿಡಿ: ಏನಾದರೂ ಆದರೆ ಯಾರೂ ಬೈಯುವುದಿಲ್ಲ, ಆ ಕ್ಷಣವೇ ಹೇಳಿ ಅಂತ. ಮೋಸ ಅಂತ ನೀವು ಆಕ್ಷೇಪಿಸಿದ ಮೊತ್ತದ ಮೇಲೆ, ಅದು ತೀರ್ಮಾನ ಆಗುವವರೆಗೆ ಬ್ಯಾಂಕ್ ಶುಲ್ಕ ಹಾಕುವಂತಿಲ್ಲ. ಬಿಲ್‌ನ ಉಳಿದ ಭಾಗವನ್ನು ಮಾತ್ರ ತಪ್ಪದೆ ಕಟ್ಟಿ.

ಬ್ಯಾಂಕ್ 30 ದಿನದೊಳಗೆ ಉತ್ತರಿಸದಿದ್ದರೆ, ಅಥವಾ ಉತ್ತರ ಸರಿ ಇಲ್ಲದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕ್ ಮೇಲಿನ ದೂರು ಕೇಳಿ ತೀರ್ಮಾನಿಸುವ ಅಧಿಕಾರಿಗೆ ಹೋಗಿ. ಸಿಎಂಎಸ್ ಅನ್ನುವ ಆರ್‌ಬಿಐ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಇದಕ್ಕೆ ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಮಾಹಿತಿಗೆ 14448. ಬರೆದು ಅಂಚೆಯಲ್ಲಿ ಕಳಿಸುವವರು ಚಂಡೀಗಢದಲ್ಲಿರುವ ಆರ್‌ಬಿಐ ದೂರು ಕೇಂದ್ರಕ್ಕೆ ಕನ್ನಡದಲ್ಲೇ ಕಳಿಸಬಹುದು.

ಹಂತ 8: ಈಗಾಗಲೇ ಬಾಕಿಯಲ್ಲಿ ಸಿಕ್ಕಿಕೊಂಡಿದ್ದರೆ

ಮೊದಲ ಕೆಲಸ, ಆ ಕಾರ್ಡ್ ಬಳಸುವುದನ್ನು ನಿಲ್ಲಿಸಿ. ಆ್ಯಪ್‌ಗಳಿಂದಲೂ ತೆಗೆಯಿರಿ. ಎರಡನೆಯದು, ಈ ದುಬಾರಿ ಸಾಲವನ್ನು ಅಗ್ಗದ ಸಾಲಕ್ಕೆ ಬದಲಿಸಿ. ಮನೆಯಲ್ಲಿ ಚಿನ್ನ ಇದ್ದರೆ ಬ್ಯಾಂಕಿನ ಚಿನ್ನದ ಸಾಲದ ಬಡ್ಡಿ ಶೇ. 42ರ ಅರ್ಧಕ್ಕಿಂತ ತುಂಬಾ ಕಡಿಮೆ. ಎಫ್‌ಡಿ ಇಟ್ಟುಕೊಂಡು ಕಾರ್ಡ್ ಬಾಕಿಗೆ ಬಡ್ಡಿ ಕಟ್ಟುವುದಂತೂ ಅರ್ಥವಿಲ್ಲದ್ದು, ಮುರಿದು ಕಟ್ಟಿಬಿಡಿ. ಇವೆರಡೂ ಇಲ್ಲದಿದ್ದರೆ ಬಾಕಿಯನ್ನು ಇಎಂಐಗೆ ಬದಲಿಸಿಕೊಡಿ ಅಂತ ಬ್ಯಾಂಕನ್ನು ಕೇಳಿ, ದರ ಎಷ್ಟು ಅಂತ ಬರಹದಲ್ಲಿ ಪಡೆಯಿರಿ. ಒಂದು ಕಾರ್ಡ್‌ನ ಬಾಕಿ ತೀರಿಸಲು ಇನ್ನೊಂದು ಕಾರ್ಡ್‌ನಿಂದ ನಗದು ತೆಗೆಯುವುದು, ಸಾಲದ ಆ್ಯಪ್‌ಗಳ ಬಾಗಿಲು ತಟ್ಟುವುದು ಬೇಡವೇ ಬೇಡ.

“ಇಷ್ಟು ಕಟ್ಟಿ, ಉಳಿದದ್ದು ಬಿಡ್ತೀವಿ” ಅನ್ನುವ ಸೆಟಲ್‌ಮೆಂಟ್ ಕೊನೆಯ ದಾರಿ. ಆಗ ನಿಮ್ಮ ವರದಿಯಲ್ಲಿ ಖಾತೆ “ಸೆಟಲ್ಡ್” ಅಂತ ಬರುತ್ತದೆ, ಮುಂದೆ ಮನೆ ಸಾಲಕ್ಕೆ ಹೋದಾಗ ಅಡ್ಡ ಬರುತ್ತದೆ. ವಸೂಲಿ ಏಜೆಂಟರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಬೆದರಿಸುವಂತಿಲ್ಲ, ಬಂಧುಗಳ ಮುಂದೆ ಮರ್ಯಾದೆ ಕಳೆಯುವಂತಿಲ್ಲ. ಮಾಡಿದರೆ ಕರೆಯ ದಾಖಲೆ ಇಟ್ಟುಕೊಂಡು ಬ್ಯಾಂಕಿಗೆ, ನಂತರ ಓಂಬುಡ್ಸ್‌ಮನ್‌ಗೆ ದೂರು ಕೊಡಿ.

ಹಂತ 9: ಕಾರ್ಡ್ ಮುಚ್ಚುವುದು

ಬಳಸದ ಕಾರ್ಡ್ ಡ್ರಾಯರ್‌ನಲ್ಲಿ ಇದ್ದರೆ ಶುಲ್ಕ ಬೀಳಬಹುದು, ಮೋಸಕ್ಕೂ ದಾರಿ. ಆದರೆ ಶುಲ್ಕ ಇಲ್ಲದ ನಿಮ್ಮ ಅತಿ ಹಳೆಯ ಕಾರ್ಡ್ ಇದ್ದರೆ ಉಳಿಸಿಕೊಳ್ಳಿ. ಹಳೆಯ ಖಾತೆ ಸ್ಕೋರ್‌ಗೆ ನೆರವಾಗುತ್ತದೆ.

ಮುಚ್ಚುವ ಮೊದಲು ಪಾಯಿಂಟ್‌ಗಳನ್ನು ಬಳಸಿಕೊಳ್ಳಿ. ಅದಕ್ಕೆ ಜೋಡಿಸಿದ ಕರೆಂಟ್ ಬಿಲ್, ಚಂದಾ, ಇನ್ಶೂರೆನ್ಸ್ ಕಂತುಗಳನ್ನು ಬೇರೆ ಕಡೆಗೆ ಬದಲಿಸಿ. ಬಿಲ್ ಆಗದ ಖರ್ಚೂ ಸೇರಿ ಎಲ್ಲವನ್ನೂ ಕಟ್ಟಿ. ಆಮೇಲೆ ಆ್ಯಪ್ ಅಥವಾ ಇಮೇಲ್‌ನಲ್ಲಿ ಮುಚ್ಚಲು ಕೇಳಿ. ಕಾಲ್ ಸೆಂಟರ್‌ನವರು ಹೊಸ ಆಫರ್ ಹೇಳಿ ತಡೆಯಲು ನೋಡುತ್ತಾರೆ. ಮುಚ್ಚಿ ಅನ್ನುವ ಒಂದೇ ಮಾತು ಹೇಳಿ, ದೂರಿನ ಸಂಖ್ಯೆಯ ಹಾಗೆಯೇ ಕೋರಿಕೆಯ ಸಂಖ್ಯೆ ಪಡೆಯಿರಿ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು ಅನ್ನುವುದು ನಿಯಮ. ಕಾರ್ಡ್‌ನಲ್ಲಿ ನಿಮ್ಮ ಹಣ ಉಳಿದಿದ್ದರೆ ಅದನ್ನೂ ನಿಮ್ಮ ಬ್ಯಾಂಕ್ ಖಾತೆಗೆ ಹಾಕಬೇಕು. ಮುಚ್ಚಿದ ಪತ್ರ ಮತ್ತು ಬಾಕಿ ಇಲ್ಲ ಅನ್ನುವ ಪತ್ರ ಎರಡನ್ನೂ ತಗೊಂಡು, ಕಾರ್ಡನ್ನು ಚಿಪ್ ಮೇಲೆಯೇ ಕತ್ತರಿಸಿ ಬಿಸಾಡಿ.

ಎರಡು ತಿಂಗಳು ಬಿಟ್ಟು ಕ್ರೆಡಿಟ್ ವರದಿ ತೆಗೆದು ನೋಡಿ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್, ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೆ ಒಂದು ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಒಂದೇ ದಿನ ನಾಲ್ಕನ್ನೂ ತೆಗೆಯುವ ಬದಲು ಮೂರು ತಿಂಗಳಿಗೊಂದರಂತೆ ತೆಗೆದರೆ ವರ್ಷವಿಡೀ ಕಣ್ಣಿಡಬಹುದು. ಮುಚ್ಚಿದ ಕಾರ್ಡ್ ಇನ್ನೂ ತೆರೆದಿರುವ ಹಾಗೆ, ಅಥವಾ ಬಾಕಿ ಇರುವ ಹಾಗೆ ಕಂಡರೆ ಆ ಸಂಸ್ಥೆಯ ವೆಬ್‌ಸೈಟ್‌ನಲ್ಲೇ ದೂರು ಹಾಕಿ, ಬ್ಯಾಂಕಿನ ಪತ್ರವನ್ನು ಜೊತೆಗೆ ಕಳಿಸಿ. 30 ದಿನದೊಳಗೆ ಸರಿಪಡಿಸಬೇಕು. ಆಗದಿದ್ದರೆ ಅಲ್ಲಿಂದ ಮುಂದೆ ದಿನಕ್ಕೆ 100 ರೂಪಾಯಿ ಪರಿಹಾರ ಕೇಳುವ ಹಕ್ಕು ನಿಮಗಿದೆ.